‘ಯಾರಿಗಮ್ಮಾ, ಯಜಮಾನರಿಗಾ?’: ನಾನು ಸಿಗರೇಟು ಬಿಟ್ಟ ಕಥೆ

ನನ್ನ ಮಗಳಿಗೆ ಈಗ ಎಂಟು ತಿಂಗಳು. ನಾನು ಸಿಗರೇಟು ಬಿಟ್ಟು ಹದಿನೈದು ತಿಂಗಳು. ನಡುವೆ ಒಂದು ಸಲ ಜಾರಿದ್ದೂ ಉಂಟು, ಅದನ್ನೂ ಹೇಳುತ್ತೇನೆ. ಬಿಡಬೇಕು ಅಂತ ಹೊರಟಾಗ ಕನ್ನಡದಲ್ಲಿ ಹುಡುಕಿದ್ದೆ. ಗಂಡಸರಿಗೆ ಬೇಕಾದಷ್ಟು ಬರೆದಿದ್ದಾರೆ. ಹೆಂಗಸರ ವಿಷಯ ಬಂದರೆ ‘ಗರ್ಭಿಣಿಯರು ಧೂಮಪಾನ ಮಾಡಬಾರದು’ ಅನ್ನೋ ಒಂದು ಸಾಲು. ಮಾಡುತ್ತಿದ್ದರೆ ಏನು ಮಾಡಬೇಕು ಅಂತ ಎಲ್ಲೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಹಾಸನ ಸಣ್ಣ ಊರು.

ಶುರುವಾಗಿದ್ದು ಬೆಂಗಳೂರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ರಾತ್ರಿ ಪಾಳಿಯಲ್ಲಿ. ಎರಡು ವರ್ಷದೊಳಗೆ ದಿನಕ್ಕೆ ಆರೇಳು ಆಯಿತು. ಮದುವೆಯಾಗಿ, ಮನೆಯಿಂದಲೇ ಕೆಲಸ ಮಾಡಬಹುದು ಅಂತಾದ ಮೇಲೆ ಹಾಸನದಲ್ಲಿ ಗಂಡನ ಮನೆಗೆ ಬಂದೆ. ಗಂಡನಿಗೆ ಗೊತ್ತಿತ್ತು, ಅವರೂ ಸೇದುತ್ತಿದ್ದರು. ಅತ್ತೆಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಒಂದು ಮೂಲೆ ಇತ್ತು. ಬಟ್ಟೆ ಒಣಗಿದೆಯಾ ನೋಡಿ ಬರ್ತೀನಿ ಅಂತ ಹೋಗುವುದು, ಬರುವಾಗ ಬಾಯಿಗೆ ಏಲಕ್ಕಿ ಹಾಕಿಕೊಳ್ಳುವುದು. ದಿನಕ್ಕೆ ಆರು ಸಲ ಬಟ್ಟೆ ನೋಡಲು ಹೋಗುವ ಸೊಸೆ ಇಡೀ ಹಾಸನದಲ್ಲಿ ನಾನೊಬ್ಬಳೇ ಇರಬೇಕು.

ಇನ್ನೊಂದು ವಿಷಯ ಈಗಲೇ ಹೇಳಬೇಕು. ನನ್ನ ತವರು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಹತ್ತಿರದ ಹಳ್ಳಿ. ಅಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯೇ ಇದೆ. ನಮ್ಮಪ್ಪ ಬೆಳೆಯುವುದೂ ಅದನ್ನೇ. ಸಿಗರೇಟಿಗೆ ಹೋಗುವ ಸೊಪ್ಪು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಆ ದುಡ್ಡಿನಲ್ಲಿ.

ಡಿಸೆಂಬರ್ ಮಧ್ಯದಲ್ಲಿ ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ ಬಂತು. ಖುಷಿಗಿಂತ ಮೊದಲು ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಆವತ್ತು ಬೆಳಿಗ್ಗೆಯೇ ಎರಡು ಸೇದಿದ್ದೆ. ಅದೇ ಕ್ಷಣ ಬಿಟ್ಟೆ ಅಂತ ಬರೆದರೆ ಓದಲು ಚೆಂದ ಇರುತ್ತೆ. ಆದರೆ ಬಿಡಲಿಲ್ಲ. ಏಳರಿಂದ ಮೂರಕ್ಕೆ ಇಳಿಸಿದೆ ಅಷ್ಟೇ. ಕಡಿಮೆ ಮಾಡಿದರೆ ಸಾಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಗೊತ್ತಾಯಿತು, ಕಡಿಮೆ ಸೇದುವವರು ಗೊತ್ತಿಲ್ಲದೆಯೇ ಪ್ರತಿಯೊಂದನ್ನೂ ಜೋರಾಗಿ, ಕೊನೆವರೆಗೂ ಎಳೆಯುತ್ತಾರೆ. ನಾನೂ ಫಿಲ್ಟರಿನ ತುದಿ ಬಿಸಿಯಾಗುವ ತನಕ ಎಳೆಯುತ್ತಿದ್ದೆ.

ಮೊದಲ ತಪಾಸಣೆ ಒಂದು ನರ್ಸಿಂಗ್ ಹೋಮಿನಲ್ಲಿ. ಪಕ್ಕದಲ್ಲಿ ಅತ್ತೆ. ನರ್ಸ್ ಫಾರಂ ತುಂಬುತ್ತಿದ್ದರು. ಬಿಪಿ ಇದೆಯಾ, ಶುಗರ್ ಇದೆಯಾ, ಮೊದಲು ಅಬಾರ್ಷನ್ ಆಗಿದೆಯಾ, ಎಲ್ಲ ಕೇಳಿದರು. ಆಮೇಲೆ ತಂಬಾಕು, ಮದ್ಯ ಅಂತ ಎರಡು ಚೌಕ ಇತ್ತು. ನನ್ನ ಮುಖ ಕೂಡ ನೋಡಲಿಲ್ಲ. ‘ಅಭ್ಯಾಸ ಗಿಭ್ಯಾಸ ಏನೂ ಇರಲ್ಲ ಬಿಡಿ’ ಅಂತ ತಾವೇ ಹೇಳಿಕೊಂಡು ಎರಡಕ್ಕೂ ‘ಇಲ್ಲ’ ಅಂತ ಗೀರಿದರು. ನೀಲಿ ಪೆನ್ನು. ನನಗೆ ಎಷ್ಟು ನಿರಾಳವಾಯಿತು ಅಂದರೆ, ಮನೆಗೆ ಬಂದವಳು ಸೀದಾ ತಾರಸಿಗೆ ಹೋದೆ.

ಇಡೀ ಒಂಬತ್ತು ತಿಂಗಳಲ್ಲಿ ಯಾರೊಬ್ಬರೂ ತಾವಾಗಿ ನನ್ನನ್ನು ಕೇಳಲಿಲ್ಲ. ಸೀರೆಯುಟ್ಟ, ಹಣೆಗೆ ಕುಂಕುಮ ಇಟ್ಟ ಬಸುರಿಯನ್ನು ಯಾರು ಕೇಳುತ್ತಾರೆ? ನೀವು ಈ ದಾರಿಯಲ್ಲಿದ್ದರೆ ಕೇಳಲಿ ಅಂತ ಕಾಯಬೇಡಿ. ಜೊತೆಗೆ ಬಂದವರನ್ನು ಐದು ನಿಮಿಷ ಹೊರಗೆ ಕೂರಿಸಿ ಅಂತ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ನನಗೆ ಅದು ಹೊಳೆದಿದ್ದೇ ಮೂರನೇ ಭೇಟಿಗೆ.

ಎರಡನೇ ಭೇಟಿಗೆ ಒಬ್ಬಳೇ ಹೋಗಿ ಡಾಕ್ಟರಿಗೆ ಹೇಳಿದೆ. ಅದು ಇನ್ನೂ ಕೆಟ್ಟದಾಯಿತು. ‘ಓದಿರೋ ಹುಡುಗಿ, ಒಳ್ಳೆ ಮನೆತನ, ನಾಚಿಕೆ ಆಗಲ್ವಾ?’ ಅಂತ ಬಾಗಿಲು ತೆಗೆದಿರುವಾಗಲೇ ಗಟ್ಟಿಯಾಗಿ ಕೇಳಿದರು. ಬೆಂಚಿನ ಮೇಲಿದ್ದ ನಾಲ್ಕು ಜನ ತಿರುಗಿ ನೋಡಿದರು. ನಿಲ್ಲಿಸಿ ಅಂದರೇ ಹೊರತು ಹೇಗೆ ಅಂತ ಹೇಳಲಿಲ್ಲ. 400 ರೂಪಾಯಿ ಫೀಸು ಕೊಟ್ಟು ಬಂದೆ. ಆ ಡಾಕ್ಟರ ಹತ್ತಿರ ಮತ್ತೆ ಹೋಗಲಿಲ್ಲ.

ಸಹಾಯ ಸಿಕ್ಕಿದ್ದು ಸಿಗರೇಟು ಪ್ಯಾಕಿನ ಮೇಲೆಯೇ. ಆ ಭಯಂಕರ ಚಿತ್ರದ ಜೊತೆ 1800-11-2356 ಅಂತ ಒಂದು ನಂಬರ್ ಇದೆ. 2018ರ ಸೆಪ್ಟೆಂಬರ್‌ನಿಂದ ಎಲ್ಲ ಪ್ಯಾಕಿನ ಮೇಲೂ ಹಾಕುತ್ತಿದ್ದಾರೆ. ಅಷ್ಟು ವರ್ಷ ಕೈಯಲ್ಲಿ ಹಿಡಿದಿದ್ದೆ, ಓದಿರಲಿಲ್ಲ. ಇನ್ನೊಂದು ತಮಾಷೆ ನೋಡಿ. ಬಿಡಿ ಸಿಗರೇಟು ಮಾರಬಾರದು ಅಂತ ನಮ್ಮ ರಾಜ್ಯದಲ್ಲಿ ಕಾನೂನಿದೆ, ಆದರೂ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತೆ. ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಆ ನಂಬರ್ ಬೀಳುವುದೇ ಇಲ್ಲ.

ಮನೆಯಲ್ಲಿ ಮಾತಾಡಲು ಆಗಲ್ಲ ಅಂತ ಮಹಾರಾಜ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತು ಫೋನು ಮಾಡಿದೆ. ಆವತ್ತು ಸೋಮವಾರ. ಸೋಮವಾರ ಅವರಿಗೆ ರಜ. ಅಷ್ಟು ಧೈರ್ಯ ಮಾಡಿದ್ದೆಲ್ಲ ನೀರಿಗೆ ಹೋಯಿತು. ಮಂಗಳವಾರ ಮತ್ತೆ ಹೋದೆ. ರಿಂಗ್ ಆಗುತ್ತಿದ್ದ ಹಾಗೆ ಎರಡು ಸಲ ನಾನೇ ಕಟ್ ಮಾಡಿದೆ, ಮೂರನೇ ಸಲಕ್ಕೆ ಮಾತಾಡಿದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದಕ್ಷಿಣದ ಭಾಷೆಗಳ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಆ ಕಡೆ ಒಬ್ಬ ಹುಡುಗಿ. ನಾನು ಬಸುರಿ ಅಂದ ಕೂಡಲೇ ದನಿ ಬದಲಾಗುತ್ತೆ ಅಂತ ಕಾದೆ. ಬದಲಾಗಲಿಲ್ಲ. ‘ಎಷ್ಟು ವಾರ ಮೇಡಂ? ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?’ ಅಷ್ಟೇ. ಯಾವಾಗ, ಎಲ್ಲಿ, ಯಾವುದರ ಜೊತೆ ಅಂತ ಒಂದೊಂದೇ ಕೇಳಿದಳು. ಒಂಬತ್ತು ವಾರ ಅಂದೆ. ಈಗ ಪೂರ್ತಿ ಬಿಟ್ಟರೆ ತುಂಬಾ ಲಾಭ ಇದೆ ಅಂದಳು. ಮೊದಲ ಹದಿನೈದು ವಾರದೊಳಗೆ ಬಿಟ್ಟವರಲ್ಲಿ ಅವಧಿಗೆ ಮೊದಲೇ ಹೆರಿಗೆಯಾಗುವ, ಮಗು ಸಣ್ಣದಾಗುವ ಅಪಾಯ ಸೇದದೇ ಇದ್ದವರಷ್ಟಕ್ಕೇ ಇಳಿಯುತ್ತೆ. ಅದು ದಾಟಿದರೂ ಯಾವ ತಿಂಗಳಲ್ಲಿ ಬಿಟ್ಟರೂ ಒಳ್ಳೆಯದೇ. ಒಮ್ಮೆಲೇ ಬಿಟ್ಟರೆ ಮಗುವಿಗೆ ಶಾಕ್ ಆಗುತ್ತೆ ಅಂತ ನನ್ನ ಗೆಳತಿ ಹೆದರಿಸಿದ್ದಳು. ಅದು ಸುಳ್ಳು. ಇನ್ನೊಬ್ಬಳು ವೇಪ್ ಶುರುಮಾಡು ಅಂದಿದ್ದಳು. ಅದು 2019ರಿಂದಲೇ ನಮ್ಮ ದೇಶದಲ್ಲಿ ನಿಷೇಧ, ಸಾಲದ್ದಕ್ಕೆ ಅದರಲ್ಲೂ ಇರುವುದು ಸಾಮಾನ್ಯವಾಗಿ ನಿಕೋಟಿನ್ನೇ.

ಬಿಡುವ ದಿನ ನೀವೇ ಗೊತ್ತುಮಾಡಿ ಅಂದಳು. ಒಂದು ವಾರದಲ್ಲಿ ಸಂಕ್ರಾಂತಿ ಇತ್ತು. ಅದೇ ಆಗಲಿ ಅಂದೆ.

ನೇರವಾಗಿಯೂ ಒಬ್ಬರನ್ನು ಕಾಣಿ ಅಂತ ಹೇಳಿದ್ದಳು. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ಅಂತ ಇರುತ್ತೆ. ಹಾಗೆ ಒಂದು ಆಸ್ಪತ್ರೆಗೆ ಹೋದೆ. ಯಾವುದು ಅಂತ ಬೇಡ. ಹತ್ತು ರೂಪಾಯಿ ಚೀಟಿ. ಯಾವ ವಿಭಾಗ ಅಂತ ಕೇಳಿದರು. ಹೇಳಿದೆ. ಅವರಿಗೇ ಗೊತ್ತಿರಲಿಲ್ಲ. ಒಬ್ಬರು ದಂತ ವಿಭಾಗಕ್ಕೆ ಕಳಿಸಿದರು, ಅಲ್ಲಿಂದ ಮಾನಸಿಕ ವಿಭಾಗಕ್ಕೆ, ಅಲ್ಲಿಂದ ಮಹಡಿ ಮೇಲೆ. ಬೋರ್ಡು ತೆರೆದ ಬಾಗಿಲ ಹಿಂದೆ ಮುಚ್ಚಿಹೋಗಿತ್ತು. ಒಂದೂವರೆ ಗಂಟೆ ಹೀಗೇ ಹೋಯಿತು. ಬೆಂಚಿನ ಮೇಲೆ ಏಳೆಂಟು ಗಂಡಸರು. ಅಟೆಂಡರ್ ನನ್ನನ್ನು ನೋಡಿ ‘ಯಾರಿಗಮ್ಮಾ, ಯಜಮಾನರಿಗಾ?’ ಅಂದರು.

‘ನನಗೇ.’

ಪಾಪ, ಅವರಿಗೇ ನಾಚಿಕೆಯಾಯಿತು. ಎದ್ದು ಕುರ್ಚಿ ಬಿಟ್ಟುಕೊಟ್ಟರು, ಎಲ್ಲರಿಗಿಂತ ಮೊದಲು ಒಳಗೆ ಕಳಿಸಿದರು. (ಹೋಗುವವರಿಗೆ: ಮೊದಲೇ ಫೋನು ಮಾಡಿ ರೂಮ್ ನಂಬರ್ ಕೇಳಿಕೊಳ್ಳಿ. ತಾಯಿ ಕಾರ್ಡ್, ಆಧಾರ್, ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ. ಹನ್ನೊಂದರೊಳಗೆ ಹೋಗಿ, ಮಧ್ಯಾಹ್ನ ಆದರೆ ಯಾರೂ ಸಿಗಲ್ಲ.)

ಒಳಗೆ ಒಬ್ಬ ಆಪ್ತಸಮಾಲೋಚಕಿ ಇದ್ದರು. ಒಂದು ಪುಟ್ಟ ಯಂತ್ರ ಕೊಟ್ಟು, ಉಸಿರು ಹದಿನೈದು ಸೆಕೆಂಡು ಹಿಡಿದು ನಿಧಾನಕ್ಕೆ ಊದಿ ಅಂದರು. 11 ಅಂತ ತೋರಿಸಿತು. ಅದು ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಳತೆ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಅಂಟುವುದಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಇದು ಅಂಟಿಕೊಳ್ಳುತ್ತಂತೆ. ಮಗುವಿಗೆ ಹೋಗಬೇಕಾದ ಆಮ್ಲಜನಕದ ಜಾಗದಲ್ಲಿ ಇದು ಕೂತುಬಿಡುತ್ತೆ. ‘ಒಳ್ಳೆ ಸುದ್ದಿ ಅಂದ್ರೆ ಎರಡು ದಿನ ಸೇದದೇ ಇದ್ರೆ ಇದು ಹೊರಟೇ ಹೋಗುತ್ತೆ’ ಅಂದರು. ಆ 11 ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎರಡು ವಾರ ಬಿಟ್ಟು ಹೋದಾಗ 2 ಬಂತು. ಬೈದವರ ಮಾತಿಗಿಂತ ಆ ಎರಡು ಅಂಕಿಗಳು ಜಾಸ್ತಿ ಕೆಲಸ ಮಾಡಿದವು.

ಇನ್ನು ಗಮ್ಮಿನ ವಿಷಯ. ನಾನು ಅಷ್ಟರಲ್ಲಾಗಲೇ ಮೆಡಿಕಲ್ ಸ್ಟೋರಿನಿಂದ 2 ಮಿಲಿಗ್ರಾಂ ನಿಕೋಟಿನ್ ಗಮ್ ತಂದಿಟ್ಟುಕೊಂಡಿದ್ದೆ. ಚೀಟಿ ಇಲ್ಲದೆಯೇ ಕೊಡುತ್ತಾರೆ. ಬಸುರಿಯಲ್ಲಿ ನೀವಾಗಿ ತಗೋಬೇಡಿ ಅಂದರು ಆ ಸಮಾಲೋಚಕಿ. ಮೊದಲು ಮಾತು, ಅಭ್ಯಾಸ ಬದಲಿಸುವುದು. ಆಗದೇ ಇದ್ದರೆ ಮಾತ್ರ, ಡಾಕ್ಟರ್ ಲಾಭ ನಷ್ಟ ತೂಗಿ ಕೊಡಬಹುದು. ಬಿಡಿಸಲು ಕೊಡುವ ಬೇರೆ ಮಾತ್ರೆಗಳನ್ನು ಬಸುರಿಯರಿಗೆ ಕೊಡಲ್ಲವಂತೆ. ಸ್ಟ್ರಿಪ್ಪು ಬ್ಯಾಗಿನ ತಳದಲ್ಲೇ ಉಳಿಯಿತು.

ಸಂಕ್ರಾಂತಿಯ ದಿನ ತಾರಸಿಯ ಮೂಲೆ ತೊಳೆದೆ. ಮೊದಲ ಮೂರು ದಿನ ಹೇಗಿತ್ತು ಅಂತ ಕೇಳಬೇಡಿ. ಗ್ಯಾಸ್ ಸ್ಟೌ ಹತ್ತಲಿಲ್ಲ ಅಂತ ಅತ್ತಿದ್ದೇನೆ. ಗಂಡ ಅನ್ನ ಅಗಿಯುವ ಸದ್ದಿಗೆ ಎದ್ದು ಹೋಗಿದ್ದೇನೆ. ಕೆಮ್ಮು ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಮಲಬದ್ಧತೆ ಬೇರೆ. ಸಿಗರೇಟು ಬಿಟ್ಟರೂ ಆಗುತ್ತೆ, ಬಸುರಿಗೂ ಆಗುತ್ತೆ, ಕಬ್ಬಿಣದ ಮಾತ್ರೆಗೂ ಆಗುತ್ತೆ, ಮೂರೂ ಒಟ್ಟಿಗೆ ನನ್ನ ಪಾಲಿಗೆ ಬಂದವು. ಪ್ರತಿ ಸೆಳೆತ ಐದು ನಿಮಿಷಕ್ಕಿಂತ ಜಾಸ್ತಿ ಇರಲ್ಲ ಅಂತ ಹೇಳಿದ್ದರು. ಗಡಿಯಾರ ನೋಡಿಕೊಂಡು ಕೂರುತ್ತಿದ್ದೆ. ಕೈಗೆ ಕೆಲಸ ಬೇಕಿತ್ತು. ಹಬ್ಬಕ್ಕೆ ಮಾಡಿದ್ದ ಎಳ್ಳುಬೆಲ್ಲದ ಡಬ್ಬಿ ಮೇಜಿನ ಮೇಲೆ ಇಟ್ಟುಕೊಂಡೆ. ಸೆಳೆತ ಬಂದಾಗ ಮೊದಲು ಕೊಬ್ಬರಿ ಚೂರು ಆರಿಸಿ ತಿನ್ನುವುದು, ಆಮೇಲೆ ಹುರಿಗಡಲೆ, ಆಮೇಲೆ ಬೆಲ್ಲ, ಕೊನೆಗೆ ಎಳ್ಳು. ಎಳ್ಳಿಗೆ ಬರುವಷ್ಟರಲ್ಲಿ ಐದು ನಿಮಿಷ ಮುಗಿದಿರುತ್ತಿತ್ತು.

ಕಾಫಿ ವಿಷಯಕ್ಕೆ ಯಾರೂ ಎಚ್ಚರಿಸಿರಲಿಲ್ಲ. ನಮ್ಮ ಕಡೆ ಕಾಫಿ ಬಿಡು ಅಂದರೆ ಉಸಿರು ಬಿಡು ಅಂದ ಹಾಗೆ. ಬಿಟ್ಟ ನಾಲ್ಕನೇ ದಿನ ಎಂದಿನ ಲೋಟ ಕಾಫಿ ಕುಡಿದು ಕೈ ನಡುಗಿತು, ಎದೆ ಹೊಡೆದುಕೊಂಡಿತು. ಸಿಗರೇಟಿನ ಹೊಗೆ ದೇಹದಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡುತ್ತಂತೆ. ಬಿಟ್ಟ ಮೇಲೆ ಅದೇ ಲೋಟ ಕಾಫಿ ಎರಡರಷ್ಟು ಏರುತ್ತೆ. ಬಸುರಿಯಲ್ಲಂತೂ ಕೆಫೀನ್ ಕರಗುವುದೇ ನಿಧಾನ. ನನ್ನ ಸಿಡಿಮಿಡಿಯಲ್ಲಿ ಅರ್ಧ ಸಿಗರೇಟಿನದ್ದಲ್ಲ, ಕಾಫಿಯದ್ದು. ದಿನಕ್ಕೆ ನಾಲ್ಕಿದ್ದದ್ದು ಒಂದಕ್ಕೆ ಇಳಿಸಿದೆ, ಅದೂ ಸಣ್ಣ ಲೋಟ.

ಜಾರಿದ್ದು ಐದನೇ ತಿಂಗಳಲ್ಲಿ. ಆಫೀಸಿನ ಕೆಲಸಕ್ಕೆ ಒಂದು ದಿನ ಬೆಂಗಳೂರಿಗೆ ಹೋಗಿದ್ದೆ. ಹಳೇ ಟೀ ಅಂಗಡಿ, ಹಳೇ ಗುಂಪು. ಯಾರೋ ಹಚ್ಚಿಕೊಂಡರು. ಒಂದು ಎಳೆತ ಅಂತ ಇಸಿದುಕೊಂಡವಳು ಪೂರ್ತಿ ಮುಗಿಸಿದೆ. ಥೂ ಅನ್ನಿಸಿತು ಅಂತ ಬರೆಯಬೇಕೇನೋ. ಇಲ್ಲ, ಚೆನ್ನಾಗೇ ಇತ್ತು. ರಾತ್ರಿ ರೈಲಿನಲ್ಲಿ ಬರುವಾಗ ಮಗು ಮೊದಲ ಸಲ ಮಿಸುಕಿದ ಹಾಗಾಯಿತು, ಆಗ ಅಳು ಬಂತು. ಮಾರನೇ ದಿನ ಮತ್ತೆ ಆ ನಂಬರಿಗೇ ಫೋನು ಮಾಡಿದೆ. ‘ಆಮೇಲೆ ಎಷ್ಟು ಸೇದಿದ್ರಿ?’ ಅಂದಳು. ಇಲ್ಲ ಅಂದೆ. ‘ಹಾಗಾದ್ರೆ ನೀವು ಬಿಟ್ಟವರೇ. ಮುಂದಿನ ಸಲ ಟೀ ಒಳಗೇ ತರಿಸ್ಕೊಳ್ಳಿ.’ ಅಷ್ಟೇ.

ಅತ್ತೆಗೆ ಗೊತ್ತಾಗಿದ್ದು ಆ ಗಮ್ಮಿನ ಸ್ಟ್ರಿಪ್ಪಿನಿಂದ. ಬ್ಯಾಗಿನಲ್ಲಿ ತಾಯಿ ಕಾರ್ಡ್ ಹುಡುಕುವಾಗ ಕೈಗೆ ಸಿಕ್ಕಿತು. ಸುಳ್ಳು ಹೇಳಲು ಆಯಾಸವಾಗಿತ್ತು, ಹೇಳಿಬಿಟ್ಟೆ. ಅವರು ಕೂತಿದ್ದು ಎಲೆ ಅಡಿಕೆ ತಟ್ಟೆಯ ಮುಂದೆ. ಸುಣ್ಣ ಸವರಿ, ಕಡ್ಡಿಪುಡಿ ಉದುರಿಸಿ, ಮಡಚಿ ದವಡೆಗೆ ಇಟ್ಟುಕೊಂಡರು. ‘ಹೆಂಗಸರು ತಂಬಾಕು ಮುಟ್ಟೋದಾ ಮಗಾ?’ ಅಂದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸೇದುವ ಹೆಂಗಸರು ನೂರಕ್ಕೆ ಇಬ್ಬರು, ಬಾಯಿಗೆ ಹಾಕುವವರು ಹದಿಮೂರು ಜನ. ಬಸುರಿಯಲ್ಲಿ ಕಡ್ಡಿಪುಡಿ ಹಾಕಿದರೂ ಮಗುವಿನ ತೂಕ ಇಳಿಯುತ್ತೆ, ಹೆರಿಗೆ ಬೇಗ ಆಗುವ ಅಪಾಯ ಇದೆ. ಆದರೆ ಅದು ಅಭ್ಯಾಸ, ಇದು ಮಾನಗೇಡು. ಆವತ್ತು ವಾದ ಮಾಡಲಿಲ್ಲ. ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಎಳ್ಳುಬೆಲ್ಲದ ಡಬ್ಬಿ ತುಂಬಿತ್ತು.

ಏಳು ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಹೋದೆ. ಹೆರಿಗೆ ಆಗಸ್ಟ್‌ನಲ್ಲಿ. ಹೆಣ್ಣು, 2.8 ಕೆ.ಜಿ. ತೂಕ ಕೇಳಿದ ಮೇಲೇ ನಾನು ಕಣ್ಣು ಮುಚ್ಚಿದ್ದು.

ಬಸುರಿಯಲ್ಲಿ ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಹೆತ್ತ ಮೇಲೆ ವರ್ಷದೊಳಗೆ ಮತ್ತೆ ಶುರುಮಾಡುತ್ತಾರೆ ಅಂತ ಹೊರದೇಶದ ಅಧ್ಯಯನಗಳು ಹೇಳುತ್ತವೆ. ಓದಿದಾಗ ನಂಬಿರಲಿಲ್ಲ. ಬಾಣಂತನದಲ್ಲಿ ಅರ್ಥವಾಯಿತು. ಹೊಟ್ಟೆಯಲ್ಲಿ ಮಗು ಇರುವ ತನಕ ಅದೇ ಕಾವಲು. ಹೊರಗೆ ಬಂದ ಮೇಲೆ ‘ಇನ್ನೇನು, ನನ್ನ ದೇಹ ನನ್ನದು’ ಅನ್ನಿಸುತ್ತೆ. ನಿದ್ದೆ ಇಲ್ಲ. ಎದೆಹಾಲು ಸರಿಯಾಗಿ ಬರುತ್ತಿಲ್ಲ ಅಂತ ಅಜ್ಜಿಯ ಗೊಣಗು. ಅದರ ಮೇಲೆ ದಿನಾ ಸ್ನಾನದ ನಂತರ ಕೆಂಡಕ್ಕೆ ಬೆಳ್ಳುಳ್ಳಿ ಸಿಪ್ಪೆ, ಓಮ ಹಾಕಿ ಹೊಗೆ ಹಿಡಿಯುವರು. ಹೊಗೆ ಮುಖಕ್ಕೆ ಬಂದ ಕೂಡಲೇ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು.

ಹೊರಗೆ ನೋಡಿದರೆ ಹೊಗೆಸೊಪ್ಪಿನ ಸುಗ್ಗಿ. ಅಂಗಳದ ತುಂಬ ಹಸಿರು ಸೊಪ್ಪು, ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರು, ಅವರ ಕಪ್ಪಾದ ಅಂಟು ಕೈ. ಬೇಸಾಯದ ಮನೆಯವರಿಗೆ ಒಂದು ಮಾತು: ಒದ್ದೆ ಸೊಪ್ಪು ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ಮಳೆಗಾಲದಲ್ಲಿ ಸೊಪ್ಪು ಮುರಿಯುವವರಿಗೆ ವಾಂತಿ, ತಲೆಸುತ್ತು ಬರುವುದು ಅದಕ್ಕೇ. ನಾವು ಚಿಕ್ಕವರಿದ್ದಾಗ ಪಿತ್ತ ಅಂತ ನಿಂಬೆಹಣ್ಣು ಕೊಡುತ್ತಿದ್ದರು. ಹೆರಿಗೆಗೆ ಮುಂಚೆ ‘ಸುಮ್ನೆ ಕೂತಿರೋ ಬದ್ಲು ನಾಲ್ಕು ಕಡ್ಡಿ ಕಟ್ಟು’ ಅಂತ ಚಿಕ್ಕಮ್ಮ ಕರೆದಾಗ ನಾನು ಹೋಗಲಿಲ್ಲ. ಕೆಲಸಕ್ಕೆ ಬರುತ್ತಿದ್ದ ಒಬ್ಬ ಬಸುರಿಯನ್ನು ಅವ್ವನಿಗೆ ಹೇಳಿ ಬೇರೆ ಕೆಲಸಕ್ಕೆ ಹಾಕಿಸಿದೆ.

ವಾರಕ್ಕೊಮ್ಮೆ ಗಂಡ ಬರುತ್ತಿದ್ದರು. ಮಗು ಎತ್ತಿಕೊಳ್ಳಲು ಬಗ್ಗಿದಾಗ ಅಂಗಿಯಿಂದ ಅದೇ ವಾಸನೆ. ‘ಬಸ್ ಸ್ಟ್ಯಾಂಡಲ್ಲಿ ಒಂದೇ ಒಂದು’ ಅಂದರು. ಮಗುವಿನ ಮೇಲೆ ಕೋಪವಲ್ಲ, ಅದರ ಅಪ್ಪನ ಮೇಲೂ ಅಲ್ಲ, ಆ ವಾಸನೆ ನನಗೆ ಹಿತವಾಗಿತ್ತಲ್ಲ, ಅದಕ್ಕೆ ಕೋಪ ಬಂತು. ಸ್ನಾನ ಮಾಡಿ, ಅಂಗಿ ಬದಲಿಸದೆ ಕೋಣೆಗೆ ಬರಬೇಡಿ ಅಂದೆ. ಎರಡು ವಾರ ಜಗಳ. ಬಿಡುವ ಹೆಂಗಸಿನ ಗಂಡ ಸೇದುತ್ತಿದ್ದರೆ ಅದೇ ದೊಡ್ಡ ಗುಂಡಿ, ಮೊದಲ ದಿನವೇ ಈ ಮಾತು ಮುಗಿಸಿಕೊಳ್ಳಿ. ದೀಪಾವಳಿ ಹೊತ್ತಿಗೆ ಅವರೂ ಆ ನಂಬರಿಗೆ ಫೋನು ಮಾಡಿದರು.

ಐವತ್ತನೇ ದಿನವೋ ಏನೋ. ರಾತ್ರಿ ಎರಡು ಗಂಟೆ. ಮಗು ಹಾಲು ಕುಡಿದು ಮಲಗಿತ್ತು. ಕಿಟಕಿಯ ಮೇಲೆ ಚಿಕ್ಕಪ್ಪನ ಬೀಡಿ ಕಟ್ಟು. ಒಂದನ್ನು ಎಳೆದುಕೊಂಡು ಸೆರಗು ಹೊದ್ದು ಹಿತ್ತಲಿಗೆ ಹೋದೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಅಪ್ಪ ಕೂತಿದ್ದರು. ಸೊಪ್ಪು ಬೇಯುವ ಐದಾರು ದಿನ ಬೆಂಕಿ ಆರುವ ಹಾಗಿಲ್ಲ, ರಾತ್ರಿಯೆಲ್ಲ ಒಬ್ಬರು ಸೌದೆ ಒಟ್ಟುತ್ತಿರಬೇಕು. ವಾಪಸ್ ತಿರುಗಲು ಆಗಲಿಲ್ಲ. ಪಕ್ಕದಲ್ಲಿ ಕೂತೆ. ಬೀಡಿ ಕೈಯೊಳಗೇ ಪುಡಿಯಾಗುತ್ತಿತ್ತು.

‘ಕೈಯಾಗಿರದು ಬೆಂಕಿಗೆ ಹಾಕು ಮಗಾ’ ಅಂದರು. ಹಾಕಿದೆ.

‘ನಿನ್ನ ಬ್ಯಾಗಿನ ವಾಸ್ನೆ ನಂಗೆ ಗೊತ್ತಾಗಲ್ವಾ? ಮೂವತ್ತು ವರ್ಷ ಸೊಪ್ಪು ಬೇಯ್ಸಿವ್ನಿ.’ ಸ್ವಲ್ಪ ಹೊತ್ತು ಬಿಟ್ಟು, ‘ಬಿಟ್ಟು ಎಷ್ಟು ದಿನ ಆಯ್ತು?’ ಅಂದರು.

‘ಎಂಟು ತಿಂಗ್ಳು ದಾಟ್ತು.’

ಒಂದು ಕೊರಡು ಒಳಗೆ ನೂಕಿದರು. ‘ಹೋಗು, ಥಂಡಿ. ಬಾಣಂತಿ ನೀನು.’

ಮಾರನೇ ವಾರ ಡಾಕ್ಟರನ್ನು ಕೇಳಿ 2 ಮಿಲಿಗ್ರಾಂ ಗಮ್ ಶುರುಮಾಡಿದೆ. ಮಗುವಿಗೆ ಹಾಲು ಕೊಟ್ಟ ಮೇಲೆ ಅಗಿಯಬೇಕು ಅಂದರು, ನಿಕೋಟಿನ್ ಹಾಲಿಗೂ ಬರುತ್ತೆ, ಒಂದೆರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತೆ. ಮತ್ತೆ ಸೇದಲು ಶುರುಮಾಡಿದವರೂ ಹಾಲು ನಿಲ್ಲಿಸಬಾರದಂತೆ, ಆದರೆ ಸೇದಿದವರು ಮಗುವನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬಾರದು. ಗಮ್ಮನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿದರೆ ಬಿಕ್ಕಳಿಕೆ ಬರುತ್ತೆ. ನಾಲ್ಕು ಸಲ ಅಗಿದು, ಖಾರ ಚುರುಕ್ ಅಂದ ಕೂಡಲೇ ದವಡೆಯ ಪಕ್ಕ ಇಟ್ಟುಕೊಳ್ಳಿ, ಅತ್ತೆ ಎಲೆ ಅಡಿಕೆ ಇಡುವ ಹಾಗೇ. ಅದಕ್ಕೆ ಹದಿನೈದು ನಿಮಿಷ ಮುಂಚೆ ಕಾಫಿ, ಹಣ್ಣಿನ ರಸ ಬೇಡ, ಹುಳಿಯಿದ್ದರೆ ಅದು ಒಳಗೆ ಇಳಿಯುವುದಿಲ್ಲ. ಎರಡು ತಿಂಗಳು ತಗೊಂಡೆ. ಹತ್ತರ ಸ್ಟ್ರಿಪ್ಪಿಗೆ ನೂರರ ಆಸುಪಾಸು. ಮೊದಲು ಸಿಗರೇಟಿಗೆ ತಿಂಗಳಿಗೆ ಮೂರೂವರೆ ಸಾವಿರ ಹೋಗುತ್ತಿತ್ತು, ಲೆಕ್ಕ ನೀವೇ ಹಾಕಿ.

ಈಗ ಹಾಸನಕ್ಕೆ ವಾಪಸ್ ಬಂದಿದ್ದೇನೆ. ತಾರಸಿಯ ಮೂಲೆಯಲ್ಲಿ ಮಗುವಿನ ಬಟ್ಟೆ ಒಣಗುತ್ತವೆ, ನಿಜವಾಗಲೂ ಆರು ಸಲ ಹೋಗಬೇಕು. ಹೋದ ವಾರ ಲಸಿಕೆಗೆ ಹೊರಟಾಗ ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದರು.

‘ಆ ನಂಬರಿಗೆ ಕಡ್ಡಿಪುಡಿಯೋರೂ ಮಾಡಬೌದೇನು?’

‘ಮಾಡಬಹುದು ಅತ್ತೆ. ಇವತ್ತು ಬೇಡ, ಸೋಮವಾರ ಅವರಿಗೆ ರಜ.’